ಬಾಗಿಲಿಗೆ ಅಕ್ಕಿ ಮೂಟೆ

ಫೋಟೋ 1

ಇದು ನಮ್ಮ ಫ್ಲಾಟಿನ ಹಳೇ ಮುಂಬಾಗಿಲು. ಲೀಡ್ಸ್, ಆರನೇ ಮಹಡಿ. ಹೋದ ಸರಣಿಯಲ್ಲಿ ಬಾಡಿಗೆ, ಹೀಟಿಂಗ್ ಬಿಲ್ಲು, ಚಳಿ ಎಲ್ಲ ಹೇಳಿ ಮುಗಿಸಿದ್ದೆ. ಈ ಸಲ ಬರೀ ಬಾಗಿಲಿನ ಮೇಲೇ ಇಷ್ಟುದ್ದ ಬರೀತಿದ್ದಾಳೆ ಅಂತ ನಗಬೇಡಿ. ಕಟ್ಟಡಗಳ ತಪಾಸಣೆ ಓದೋಕೆ ಅಂತಲೇ ಇಲ್ಲಿಗೆ ಬಂದವಳು ನಾನು, ಇದೇ ನನ್ನ ಅನ್ನ.

ಅನ್ನ ಅಂದಿದ್ದಕ್ಕೆ ಹೇಳ್ತೀನಿ, ಕೆಳಗೆ ಕಾಣ್ತಿರೋ ಬಿಳಿ ಚೀಲ ಹತ್ತು ಕೆಜಿ ಸೋನಾ ಮಸೂರಿ. ಬಾಗಿಲಿಗೆ ಒತ್ತಿಟ್ಟಿದ್ದೀವಿ, ಮುಚ್ಚಿಕೊಳ್ಳದೆ ಇರಲಿ ಅಂತ. ಈ ಬಾಗಿಲು ಬಿಟ್ಟರೆ ಸಾಕು ತಾನಾಗಿ ಮುಚ್ಚಿ ಲಾಕ್ ಆಗುತ್ತೆ. ಕಸ ಹಾಕೋಕೆ ಹೋದವಳು ಕೀ, ಫೋನ್ ಎರಡೂ ಒಳಗೆ ಬಿಟ್ಟು ಚಪ್ಪಲಿಯಲ್ಲಿ ಕಾರಿಡಾರಲ್ಲಿ ನಿಂತಿದ್ದು ಎರಡು ಸಲ. ಮೂರನೇ ಸಲ ಆದಮೇಲೆ ನಮ್ಮ ಹುಬ್ಬಳ್ಳಿ ರೂಮ್‌ಮೇಟು ಸ್ಕ್ರೂಡ್ರೈವರ್ ತಂದು, ಮೇಲಿದ್ದ ಡೋರ್ ಕ್ಲೋಸರಿನ ತೋಳನ್ನೇ ಬಿಚ್ಚಿ ಡ್ರಾಯರಲ್ಲಿ ಹಾಕಿದಳು. "ಮುಗೀತು ನೋಡ್ರೆ ಇದರ ಆಟ" ಅಂದಳು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ನಾನೂ ತಟ್ಟಿದೆ. ಬೆಂಕಿ ಸುರಕ್ಷತೆ ಮೇಲೆ ಅಸೈನ್‌ಮೆಂಟ್ ಬರೀತಿದ್ದ ನಾನು.

ಫೋಟೋ 2

ಇದು ನಾನು ತೆಗೆದದ್ದೇ, ಆದರೆ ದೂರದಿಂದ. ಲಂಡನ್ನಿನ ಗ್ರೆನ್‌ಫೆಲ್ ಟವರ್. ಹತ್ತಿರ ಹೋಗಿ ಫೋಟೋ ತೆಗೆಯೋಕೆ ಮನಸ್ಸಾಗಲಿಲ್ಲ.

2017ರ ಜೂನ್ 14ರ ರಾತ್ರಿ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯ ಫ್ರಿಜ್ಜಿನ ಹತ್ತಿರ ಶುರುವಾದ ಬೆಂಕಿ, 24 ಮಹಡಿಯ ಕಟ್ಟಡವನ್ನು ಸುತ್ತಿಕೊಂಡಿತು. 72 ಜನ ಸತ್ತರು. ಮುಖ್ಯ ಕಾರಣ ಹೊರಗೋಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ತಿರುಳಿನ ಹಾಳೆಗಳು, ಅದು ನಿಮಗೂ ಗೊತ್ತು, ಸುದ್ದಿಯಲ್ಲಿ ಬಂದಿದ್ದೂ ಅದೇ. ಬಾಗಿಲಿನ ಕತೆ ಅಷ್ಟು ಬರಲಿಲ್ಲ.

ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿನ ಎತ್ತರದ ಕಟ್ಟಡಗಳಲ್ಲಿ ಪಕ್ಕದ ಫ್ಲಾಟಿಗೆ ಬೆಂಕಿ ಬಿದ್ದರೆ ನೀವು ಓಡಬೇಕಿಲ್ಲ, ನಿಮ್ಮ ಮನೆಯಲ್ಲೇ ಇರಿ ಅನ್ನೋದು ಬಹಳ ಕಾಲದಿಂದ ಬಂದ ಸಲಹೆ. ಯಾಕೆ ಅಂದರೆ ಒಂದೊಂದು ಫ್ಲಾಟೂ ಕಾಂಕ್ರೀಟ್ ಪೆಟ್ಟಿಗೆ, ಒಳಗಿನ ಬೆಂಕಿ ಒಳಗೇ ಉರಿಯುತ್ತೆ ಅನ್ನೋ ಲೆಕ್ಕ. ಆ ಪೆಟ್ಟಿಗೆಗೆ ಕಾರಿಡಾರಿನ ಕಡೆ ಇರೋ ದೊಡ್ಡ ತೂತು ಒಂದೇ, ಮುಂಬಾಗಿಲು. ಅದಕ್ಕೇ ಅದು ಕನಿಷ್ಠ 30 ನಿಮಿಷ ಬೆಂಕಿ ತಡೀಬೇಕು, ಹೊಗೆ ನಿಲ್ಲಿಸಬೇಕು, ಯಾರೂ ಮುಟ್ಟದೆ ತಾನೇ ಮುಚ್ಚಿಕೊಳ್ಳಬೇಕು. ಬೆಂಕಿ ಬಿದ್ದ ಮನೆಯಿಂದ ಓಡೋ ಮನುಷ್ಯ ಹಿಂದೆ ತಿರುಗಿ ಬಾಗಿಲು ಹಾಕಿಕೊಂಡು ಹೋಗ್ತಾನೆ ಅಂತ ನಂಬೋಕಾಗಲ್ಲ. ಮಕ್ಕಳನ್ನ ಎತ್ತಿಕೊಂಡಿರ್ತಾನೆ.

ಗ್ರೆನ್‌ಫೆಲ್‌ನಲ್ಲಿ ಇದ್ದಿದ್ದು ಒಂದೇ ಮೆಟ್ಟಿಲ ಸಾಲು. ವಿಚಾರಣೆಯ ಮೊದಲ ವರದಿ 2019ರಲ್ಲಿ ಬಂತು. ಮುಚ್ಚಿದ್ದ ಬಾಗಿಲು ಹೊಗೆಯನ್ನ ತಡೆದವು. ಕ್ಲೋಸರ್ ಇಲ್ಲದೆಯೋ ಕೆಟ್ಟೋ ತೆರೆದೇ ಉಳಿದ ಬಾಗಿಲುಗಳಿಂದ ಹೊಗೆ ಲಾಬಿಗೆ ಬಂತು ಅಂತ ಅದರಲ್ಲಿದೆ. ಆ ಕಟ್ಟಡದಿಂದ ತಂದ ಒಂದು ಬಾಗಿಲನ್ನ ಪೊಲೀಸರು ಪರೀಕ್ಷೆಗೆ ಕೊಟ್ಟರು. 30 ನಿಮಿಷ ನಿಲ್ಲಬೇಕಾದ್ದು ಸುಮಾರು 15 ನಿಮಿಷಕ್ಕೆ ಸೋತಿತು.

ಆ ಸಾಲು ಓದಿದ ರಾತ್ರಿ ಡ್ರಾಯರಿನಿಂದ ಕ್ಲೋಸರಿನ ತೋಳು ತೆಗೆದು ಟೇಬಲ್ ಮೇಲಿಟ್ಟೆ. ಯಾರೂ ಮಾತಾಡಲಿಲ್ಲ. ಒಂದು ಸ್ಕ್ರೂ ಕಳೆದುಹೋಗಿತ್ತು.

ಫೋಟೋ 3

ಈ ಫೋಟೋ ಝೂಮ್ ಮಾಡಿ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ಒಂದು ಪೌಂಡ್ ನಾಣ್ಯ ಇಟ್ಟಿದ್ದೀನಿ. ನಾಣ್ಯ 2.8 ಮಿಲಿಮೀಟರ್ ದಪ್ಪ. ಮೇಲೆ ಮತ್ತು ಎರಡು ಪಕ್ಕದ ಸಂದು ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಇರಬೇಕು. ಅಂಚಿನಲ್ಲಿ ಕಾಣೋ ಪಟ್ಟಿ ಬಿಸಿ ತಾಗಿದರೆ ಊದಿಕೊಂಡು ಆ ಸಂದನ್ನ ತುಂಬುತ್ತೆ. ಅದರ ಜೊತೆಗಿರೋ ಕುಂಚದಂಥ ಕೂದಲು ತಣ್ಣಗಿನ ಹೊಗೆಗೆ. ಸಂದು ಎಂಟು ಮಿಲಿಮೀಟರ್ ಆದರೆ ಪಟ್ಟಿ ಪಾಪ ಎಷ್ಟು ಊದಿದರೂ ಸಾಲಲ್ಲ.

ಇಷ್ಟು ಕಣ್ಣಿಗೆ ಕಾಣುತ್ತೆ. ಚೌಕಟ್ಟಿಗೂ ಗೋಡೆಗೂ ನಡುವಿನ ಜಾಗ ಕಾಣಲ್ಲ. ಅಲ್ಲಿ ಕಲ್ಲುನಾರಿನ ಉಣ್ಣೆಯನ್ನೋ, ಆ ಬಾಗಿಲಿನ ಪರೀಕ್ಷೆಯಲ್ಲಿ ಬಳಸಿದ ಸೀಲಂಟನ್ನೋ ತುಂಬಬೇಕು. ಅದರ ಬದಲು ಅಂಗಡಿಯಲ್ಲಿ ಸಿಗೋ ಮಾಮೂಲಿ ಫೋಮ್ ಊದಿ, ಮೇಲೆ ಮರದ ಪಟ್ಟಿ ಹೊಡೆದುಬಿಟ್ಟರೆ? ಬಾಗಿಲು ಎಷ್ಟೇ ಒಳ್ಳೇದಿರಲಿ, ಪಕ್ಕದಲ್ಲೇ ಬೆಂಕಿಗೆ ದಾರಿ ಸಿಕ್ಕಿತು. ಪಟ್ಟಿ ಹೊಡೆದಮೇಲೆ ಅದನ್ನ ಕೀಳದೆ ಯಾರಿಗೂ ಗೊತ್ತಾಗಲ್ಲ.

ಅದಕ್ಕೇ ಹೇಳೋದು, ಫೈರ್ ಡೋರ್ ಅಂಗಡಿಯಿಂದ ಬರೋ ಹಲಗೆ ಅಲ್ಲ. ಹಲಗೆ, ಚೌಕಟ್ಟು, ಹಿಂಜು, ಬೀಗ, ಕ್ಲೋಸರು, ಗಾಜಿದ್ದರೆ ಗಾಜು, ಜೊತೆಗೆ ಕೂರಿಸಿದವನ ಕೈ. ಎಲ್ಲ ಸೇರಿದ ಮೇಲೇ ಅದು ಬಾಗಿಲು.

ಫೋಟೋ 4

ನಮ್ಮ ಚಿಕ್ಕಪ್ಪ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಲ್ಲಿ ಅವರ ಬಡಗಿ ಕೊಟ್ಟಿಗೆ. ಮೂವತ್ತು ವರ್ಷದ ಕೈ. ಒಂದು ಸರ್ಟಿಫಿಕೇಟೂ ಇಲ್ಲ, ಅವರು ಮಾಡಿದ ಬಾಗಿಲು ಇವತ್ತಿಗೂ ಬೆರಳಲ್ಲಿ ತಳ್ಳಿದರೆ ತಿರುಗುತ್ತೆ. ಹಾಗಾಗಿ "ಸರ್ಟಿಫಿಕೇಟ್ ಇಲ್ಲದವನು ಕೆಲಸಗಾರನೇ ಅಲ್ಲ" ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. ಇದನ್ನ ಮೊದಲೇ ಹೇಳಿಬಿಡ್ತೀನಿ.

ಹೋದ ತಿಂಗಳು ಫೋನ್ ಮಾಡಿ ಕೇಳಿದೆ, "ಚಿಕ್ಕಪ್ಪ, ಬಾಗಿಲು ಚೌಕಟ್ಟಿಗೆ ಹಿಡೀತಾ ಇದ್ದರೆ ಏನು ಮಾಡ್ತೀರಿ?"

"ಇದೇನ್ ಪುಟ್ಟಾ ಹಿಂಗ್ ಕೇಳ್ತೀಯಾ? ಮಳೆಗಾಲದಲ್ಲಿ ಮರ ಊದಿಕೊಳ್ಳುತ್ತೆ. ಎರಡು ಸಲ ಉಜ್ಜುಗೊರಡು ಹೊಡೆದರೆ ಆಯ್ತು."

ತೇಗದ ಬಾಗಿಲಿಗೆ ಸರಿಯಾದ ಉತ್ತರ. ಫೈರ್ ಡೋರಿಗೆ? ಎಷ್ಟು ಉಜ್ಜಬಹುದು ಅಂತ ತಯಾರಕರು ಬರೆದು ಕೊಟ್ಟಿರ್ತಾರೆ, ಅದಕ್ಕಿಂತ ಹೆಚ್ಚು ಉಜ್ಜಿದರೆ ಪರೀಕ್ಷೆ ಪಾಸಾದ ಬಾಗಿಲೇ ಅದಲ್ಲ. ಹಿಂಜು ಸಿಗಲಿಲ್ಲ ಅಂತ ಬೇರೆ ಹಿಂಜು ಹಾಕೋ ಹಾಗಿಲ್ಲ. ಟಪಾಲಿಗೆ ಅಂತ ನಡುವೆ ತೂತು ಕೊರೆಯೋ ಹಾಗಿಲ್ಲ. ಒಳ್ಳೇ ಬಡಗಿ ಯೋಚನೆ ಮಾಡದೆ ಮಾಡೋ ಕೆಲಸಗಳೇ ಇಲ್ಲಿ ತಪ್ಪಾಗುತ್ತವೆ. ಇದನ್ನ ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಯಾರಾದ್ರೂ ಕೂತು ಹೇಳಿಕೊಡಬೇಕಲ್ಲ" ಅಂದರು. ನನ್ನ ಮೂರು ತಿಂಗಳ ಓದಿಗಿಂತ ಆ ಒಂದು ಮಾತು ನೇರವಾಗಿತ್ತು.

ಫೋಟೋ 5

ಹೊಸ ಬಾಗಿಲು. ಇಲ್ಲಿ 11 ಮೀಟರಿಗಿಂತ ಎತ್ತರದ ವಾಸದ ಕಟ್ಟಡಗಳಲ್ಲಿ 2023ರ ಜನವರಿಯಿಂದ ಒಂದು ನಿಯಮ ಇದೆ. ಕಾರಿಡಾರು, ಮೆಟ್ಟಿಲಿನ ಫೈರ್ ಡೋರುಗಳನ್ನ 3 ತಿಂಗಳಿಗೊಮ್ಮೆ ನೋಡಬೇಕು, ಫ್ಲಾಟುಗಳ ಮುಂಬಾಗಿಲನ್ನ 12 ತಿಂಗಳಿಗೊಮ್ಮೆ ನೋಡೋಕೆ ಆದಷ್ಟೂ ಪ್ರಯತ್ನ ಮಾಡಬೇಕು. ನಮ್ಮಲ್ಲಿಗೆ ಜನವರಿಯಲ್ಲಿ ಬಂದವರು ಕ್ಲೋಸರ್ ನೋಡಿ ಹುಬ್ಬು ಏರಿಸಿದರು (ತೋಳು ವಾಪಸ್ ಹಾಕಿದ್ವಿ, ಮೂರೇ ಸ್ಕ್ರೂ), ಆಮೇಲೆ ಬಾಗಿಲೇ ಸರಿಯಿಲ್ಲ ಅಂದರು. ಮಹಡಿಯ ನಾಲ್ಕೂ ಬಾಗಿಲು ಬದಲಾದವು.

ಕೂರಿಸೋಕೆ ಬಂದವರು ಒಬ್ಬರೇ, ಒಳ್ಳೇ ಮನುಷ್ಯ, ನಮ್ಮ ಚಹಾ ಕುಡಿದು ಏಲಕ್ಕಿ ಅಂತ ಗುರುತು ಹಿಡಿದರು. ನಮ್ಮ ಬಾಗಿಲಿಗೆ ಹಿಡಿದಿದ್ದು ನಲವತ್ತು ನಿಮಿಷ. ಕೈಯಲ್ಲಿ ಫೋಮ್ ಡಬ್ಬಿ ಇತ್ತು. ಅದು ಈ ಬಾಗಿಲಿನ ಜೊತೆ ಪರೀಕ್ಷೆಯಾದ ಫೋಮ್ ಆಗಿರಬಹುದು, ಅಂಥದ್ದೂ ಇದೆ. ಲೇಬಲ್ ಓದೋಷ್ಟರಲ್ಲಿ ಪಟ್ಟಿ ಹೊಡೆದಾಗಿತ್ತು. ಫೈರ್ ಡೋರ್ ಕೂರಿಸೋಕೆ ತರಬೇತಿ ಆಗಿದೆಯಾ ಅಂತ ಸಂಕೋಚದಿಂದಲೇ ಕೇಳಿದೆ. ನಗುತ್ತಾ ಸೈಟ್ ಕಾರ್ಡ್ ತೋರಿಸಿದರು. ಅದು ಅವರು ಬಡಗಿ ಅಂತ ಹೇಳುತ್ತೆ, ಅಷ್ಟೇ.

ಈಗ ನನ್ನ ತಕರಾರಿಗೆ ಬಂದೆ. ಇದೇ ದೇಶದಲ್ಲಿ ಮನೆಯ ಗ್ಯಾಸ್ ಒಲೆ ಜೋಡಿಸೋನು ಕಾನೂನಿನ ಪ್ರಕಾರ ಗ್ಯಾಸ್ ನೋಂದಣಿ ಪಟ್ಟಿಯಲ್ಲಿ ಇರಲೇಬೇಕು. ಕಾರ್ಡಿನ ಹಿಂದೆ ಅವನು ಯಾವ ಯಾವ ಕೆಲಸ ಮಾಡಬಹುದು ಅಂತ ಬರೆದಿರುತ್ತೆ. ಇಡೀ ಮಹಡಿಯ ಜೀವ ಕಾಯೋ ಬಾಗಿಲು ಕೂರಿಸೋನಿಗೆ ಅಂಥ ಪಟ್ಟಿ ಇಲ್ಲ. 2023ರ ಅಕ್ಟೋಬರಿನಿಂದ ಕಟ್ಟಡ ನಿಯಮಗಳು ಕೆಲಸಗಾರನಿಗೆ ಕೌಶಲ, ತಿಳಿವಳಿಕೆ, ಅನುಭವ, ನಡವಳಿಕೆ ಇರಬೇಕು ಅಂತ ಕೇಳ್ತವೆ, ಒಳ್ಳೇದೇ. ಯಾವ ಕಾಗದ ತೋರಿಸಿದರೆ ಇದೆ ಅಂತ ಲೆಕ್ಕ? ಅದನ್ನ ಹೇಳಲ್ಲ. ಹೊರಗಿನ ಸಂಸ್ಥೆಗಳಿಂದ ಪ್ರಮಾಣಪತ್ರ ಪಡೆಯೋ ವ್ಯವಸ್ಥೆ ಇದೆ, ಅವರ ಪರಿವೀಕ್ಷಕರು ಮಾಡಿದ ಕೆಲಸವನ್ನೇ ಹೋಗಿ ನೋಡ್ತಾರೆ. ಆದರೆ ಅದಕ್ಕೆ ಸೇರೋದು ಬಿಡೋದು ಕಂಪನಿಯ ಇಷ್ಟ.

ಕಡ್ಡಾಯ ಮಾಡಬೇಕು ಅನ್ನೋದು ನನ್ನ ಮಾತು. ಕ್ಲಾಸಲ್ಲಿ ಇದನ್ನ ಹೇಳಿದಾಗ ಒಬ್ಬ ಎದ್ದು, ಫೀಸು ಕಟ್ಟೋಕಾಗದ ಸಣ್ಣ ಬಡಗಿಗಳು ಮನೆಗೆ ಹೋಗ್ತಾರೆ, ದೊಡ್ಡ ಕಂಪನಿ ಪ್ರಮಾಣಪತ್ರ ಗೋಡೆಗೆ ನೇತುಹಾಕಿ ಕೆಲಸಕ್ಕೆ ಮಾತ್ರ ದಿನಗೂಲಿಯವನನ್ನ ಕಳಿಸುತ್ತೆ ಅಂದ. ಅವನ ಮಾತು ನಿಜ. ಅದಕ್ಕೆ ಎರಡು ಸೇರಿಸ್ತೀನಿ. ತರಬೇತಿಯ ಖರ್ಚು ಕೆಲಸ ಕೊಡೋರ ಮೇಲಿರಲಿ, ಗೊರಡು ಹಿಡಿದವನ ಮೇಲಲ್ಲ. ಆಮೇಲೆ ಲೆಕ್ಕ ಕಂಪನಿಗೊಂದಲ್ಲ, ಬಾಗಿಲಿಗೊಂದು. ಯಾರು ಕೂರಿಸಿದರು, ಯಾವ ದಿನ, ಯಾವ ಹಿಂಜು, ಪಟ್ಟಿ ಹೊಡೆಯೋ ಮುಂಚೆ ಗೋಡೆ ಸಂದಿನ ಫೋಟೋ. ನಾವು ತಿಂದ ದೋಸೆಗೆ ಮೂರು ಫೋಟೋ ತೆಗೀತೀವಿ, ಬಾಗಿಲಿಗೆ ನಾಲ್ಕು ತೆಗೆಯೋಕೆ ಎಷ್ಟು ಹೊತ್ತು ಬೇಕು? ವರ್ಷಕ್ಕೊಮ್ಮೆ ಬಂದು ನೋಡೋರಿಗೆ ಹೊರಗಿನದಷ್ಟೇ ಕಾಣೋದು. ಒಳಗಿನದನ್ನ ನೋಡಬಹುದಾದ ಕ್ಷಣ ಒಂದೇ, ಆ ನಲವತ್ತು ನಿಮಿಷ.

ಫೋಟೋ 6

ಇದು ಬೆಂಗಳೂರಿಂದ ನಮ್ಮ ಗ್ಯಾಂಗಿನವಳೊಬ್ಬಳು ಕಳಿಸಿದ್ದು, ಅವರ ಅಪಾರ್ಟ್‌ಮೆಂಟಿನ ಮೆಟ್ಟಿಲಿನ ಫೈರ್ ಡೋರ್. ಒತ್ತು ಕೊಟ್ಟಿರೋದು ತುಳಸಿ ಕುಂಡ. ನಗು ಬಂತು, ಆಮೇಲೆ ನನ್ನ ಅಕ್ಕಿ ಮೂಟೆ ನೆನಪಾಯ್ತು.

2010ರ ಫೆಬ್ರುವರಿ 23, ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ನಿಮ್ಮಲ್ಲಿ ಕೆಲವರು ಆಗ ಪ್ರೈಮರಿ ಸ್ಕೂಲು. ಒಂಬತ್ತು ಜನ ಹೋದರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ನಮ್ಮಲ್ಲಿ ಹೆಚ್ಚಿನ ಫ್ಲಾಟಿನ ಮುಂಬಾಗಿಲು ತೇಗದ್ದೋ ಫ್ಲಶ್ ಡೋರೋ ಆಗಿರುತ್ತೆ, ಹಾಗಾಗಿ ಮೆಟ್ಟಿಲಿನ ಬಾಗಿಲ ಮೇಲೆ ಭಾರ ಇನ್ನೂ ಜಾಸ್ತಿ. ನಿಮ್ಮ ಕಟ್ಟಡದಲ್ಲಿ ಅದು ತಾನಾಗಿ ಮುಚ್ಚುತ್ತಾ? ಇವತ್ತು ಸಂಜೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಇಳಿದು ನೋಡಿ. ಕುಂಡ ಇದ್ದರೆ ಪಕ್ಕಕ್ಕಿಡಿ, ಆಂಟಿ ಬೈದರೆ ನನ್ನ ಹೆಸರು ಹೇಳಿ. ಅಸೋಸಿಯೇಷನ್ನಿನವರು ಹೊಸ ಬಾಗಿಲು ಹಾಕಿಸ್ತಾ ಇದ್ದರೆ ಬಾಗಿಲಿನ ಟೆಸ್ಟ್ ಸರ್ಟಿಫಿಕೇಟ್ ಒಂದೇ ಕೇಳಬೇಡಿ, ಕೂರಿಸೋರು ಯಾರು, ಅವರಿಗೆ ಹೇಳಿಕೊಟ್ಟವರು ಯಾರು ಅಂತಲೂ ಕೇಳಿ.

ನಾನೂ ಕೇಳಿದೆ. ಕಟ್ಟಡ ನೋಡಿಕೊಳ್ಳೋರಿಗೆ ಮೇಲ್ ಹಾಕಿ ಹನ್ನೊಂದು ದಿನಕ್ಕೆ ಒಂದು ಪಿಡಿಎಫ್ ಬಂತು, ಬಾಗಿಲ ಹಲಗೆಯ ಪರೀಕ್ಷಾ ಪತ್ರ. ಕೂರಿಸಿದವರ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ಮತ್ತೆ ಬರೆದೆ, ಈ ಸಲ ನಾಲ್ಕೂ ಫ್ಲಾಟಿನವರ ಸಹಿ ಹಾಕಿಸಿ, ಚಹಾ ಕುಡಿದ ಆ ಬಡಗಿಗೆ ತೊಂದರೆ ಆಗಬಾರದು ಅಂತ ಒಂದು ಸಾಲು ಸೇರಿಸಿ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಹಾಕ್ತೀನಿ.

ಅಕ್ಕಿ ಮುಗೀತಾ ಬಂತು. ಕೀ ಈಗ ಕುತ್ತಿಗೆಗೆ ದಾರ ಕಟ್ಟಿ ಹಾಕ್ಕೊಂಡಿದ್ದೀವಿ, ನಾಲ್ಕೂ ಜನ, ಯುಕೆಜಿ ಮಕ್ಕಳ ಥರ.