ಕಾಲೇಜಿನ ಅರ್ಜಿಯನ್ನು ಮಗಳೇ ಬರೆಯಲಿ

ಆರಿದ್ರಾ ಮಳೆಯು ಹಿಡಿದು ಸುರಿಯತೊಡಗುವ ದಿನಗಳಲ್ಲಿಯೇ ನಮ್ಮ ಮಲೆಸೀಮೆಯ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳ ಮುಂದಿನ ವಿದ್ಯಾಭ್ಯಾಸದ ಪ್ರಶ್ನೆಯು ತೀರ್ಮಾನಕ್ಕೆ ಬರುತ್ತದೆ. ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಏಪ್ರಿಲ್ ತಿಂಗಳಿನಲ್ಲಿಯೇ ತಿಳಿದಿದ್ದರೂ, ಮರಗಸಿ, ಗೊಬ್ಬರ, ಬೋರ್ಡೋ ಸಿಂಪಡಣೆ ಎಂದು ತೋಟದ ಕೆಲಸಗಳು ಒಂದರ ಬೆನ್ನಿಗೊಂದು ಬರುವುದರಿಂದ ಆ ವಿಚಾರವನ್ನು ಯಾರೂ ಕೈಗೆತ್ತಿಕೊಂಡಿರುವುದಿಲ್ಲ. ಕಡೆಗೆ ಅರ್ಜಿಯ ಅವಧಿಯು ಮುಗಿಯುವ ದಿನ ತಂದೆಯೂ ಮಗಳೂ ಜೀಪು ಹತ್ತಿ ಕಳಸಕ್ಕೋ ಮೂಡಿಗೆರೆಗೋ ಬರುತ್ತಾರೆ. ವಿದ್ಯುತ್ತು ಹೋಗಿರುತ್ತದೆ; ಅದು ಬಂದರೆ ನೆಟ್‌ವರ್ಕ್ ಹೋಗಿರುತ್ತದೆ. ಸೈಬರ್ ಅಂಗಡಿಯ ಮುಂದೆ ಕೊಡೆಗಳ ಸಾಲು ನಿಂತಿರುತ್ತದೆ. ಸರದಿಯು ಬಂದಾಗ ಅಂಗಡಿಯ ಹುಡುಗನು “ಯಾವ ಸಬ್ಜೆಕ್ಟು?” ಎಂದು ಕೇಳುತ್ತಾನೆ. ತಂದೆಯು ಮಗಳ ಮುಖವನ್ನು ನೋಡುತ್ತಾನೆ. ಮಗಳು ನೆಲವನ್ನು ನೋಡುತ್ತಾಳೆ. “ಎಲ್ಲರೂ ಬಿ.ಕಾಂ. ಹಾಕಿಸ್ತಿದ್ದಾರೆ, ನಿಮ್ಮದೂ ಅದೇ ಹಾಕ್ಲಾ?” ಎನ್ನುತ್ತಾನೆ ಹುಡುಗ. ಮೂರು ವರ್ಷಗಳ ಓದು, ಅದರ ಹಿಂದಿನಿಂದ ಬರುವ ಇಡೀ ಜೀವಮಾನದ ವೃತ್ತಿ, ಐದು ನಿಮಿಷಗಳಲ್ಲಿ ಇತ್ಯರ್ಥವಾಗಿಬಿಡುತ್ತದೆ.

ಬಿ.ಕಾಂ. ಪದವಿಯ ವಿಷಯದಲ್ಲಿ ನಮಗೆ ಯಾವ ತಿರಸ್ಕಾರವೂ ಇಲ್ಲ. ಅಂಗಡಿಯ ಹುಡುಗನ ಮೇಲೂ ದೂರಿಲ್ಲ. ಆತನ ಹಿಂದೆ ಇನ್ನೂ ನಲವತ್ತು ಮಂದಿ ನಿಂತಿರುತ್ತಾರೆ. ನಮ್ಮ ಆಕ್ಷೇಪಣೆಯು ಇಷ್ಟೇ: ಓದತಕ್ಕವಳು ಯಾರೋ ಅವಳ ಕೈಯಲ್ಲಿ ಆ ಅರ್ಜಿಯು ಒಂದು ಕ್ಷಣವಾದರೂ ಇರಲಿಲ್ಲ. ಕಾಲೇಜಿನ ಅರ್ಜಿಯನ್ನು ಮೊದಲಿನಿಂದ ಕಡೆಯವರೆಗೆ ಮಗಳೇ ಬರೆಯತಕ್ಕದ್ದು, ತಾಯಿತಂದೆಗಳು ಪಕ್ಕದಲ್ಲಿ ಕುಳಿತು ನೋಡತಕ್ಕದ್ದು ಎಂಬುದೇ ನಮ್ಮ ಅಭಿಪ್ರಾಯ.

ಇದು ಬರಿಯ ಮಾತಿನ ವಿಚಾರವಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳ ಪದವಿ ಪ್ರವೇಶವು 2021ರಿಂದ ಯು.ಯು.ಸಿ.ಎಂ.ಎಸ್. ಎಂಬ ಒಂದೇ ಗಣಕ ವ್ಯವಸ್ಥೆಯ ಮೂಲಕ ನಡೆಯತೊಡಗಿತು. ಅಲ್ಲಿ ಮೊದಲು ಕೇಳುವುದು ಒಂದು ಮೊಬೈಲ್ ಸಂಖ್ಯೆಯನ್ನು. ಆ ಸಂಖ್ಯೆಗೆ ಓ.ಟಿ.ಪಿ. ಬರುತ್ತದೆ, ಮುಂದೆ ಪ್ರವೇಶ, ಶುಲ್ಕ, ಪರೀಕ್ಷೆ ಮುಂತಾದ ಸೂಚನೆಗಳಿಗೂ ಅದೇ ಆಧಾರ. ಮನೆಯಲ್ಲಿ ಸಿಗ್ನಲ್ ಸಿಕ್ಕುವುದಿಲ್ಲವೆಂದು ಅಂಗಡಿಯವನ ಸಂಖ್ಯೆಯನ್ನೇ ಕೊಟ್ಟು ಬಂದವರನ್ನು ನಾವು ಬಲ್ಲೆವು. ಕೂಲಿ ಲೈನಿನ ಮನೆಗಳಲ್ಲಿ ತೋಟದ ರೈಟರ ಸಂಖ್ಯೆಯನ್ನು ಕೊಡುವುದು ವಾಡಿಕೆಯೇ ಆಗಿದೆ. ರೈಟರು ಸಜ್ಜನರೇ ಇರಬಹುದು. ಆದರೆ ಬಟವಾಡೆಯ ಲೆಕ್ಕದ ನಡುವೆ ಬಂದ ಸಂದೇಶವು ಒಬ್ಬ ಹುಡುಗಿಯ ಕಾಲೇಜಿನದೆಂದು ಅವರು ಗಮನಿಸಬೇಕು, ಗಮನಿಸಿ ಲೈನಿಗೆ ಹೇಳಿ ಕಳುಹಿಸಬೇಕು, ಅಷ್ಟರಲ್ಲಿ ಗಡುವು ಮೀರಿರಬಾರದು. ಇಷ್ಟೆಲ್ಲವೂ ಕೂಡಿಬರುವುದು ಅಪರೂಪ. ಆದಕಾರಣ ಮಗಳ ಹೆಸರಿನಲ್ಲಿ ಒಂದು ಸಂಖ್ಯೆ, ಅವಳದೇ ಒಂದು ಇ-ಮೇಲ್ ವಿಳಾಸ, ಅವಳೇ ಆರಿಸಿಕೊಂಡ ಪಾಸ್‌ವರ್ಡ್ ಇರಲಿ. ಅವನ್ನು ಒಂದು ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಅವಳ ಕೈಬರಹದಲ್ಲಿಯೇ ಬರೆದಿಡಲಿ. ಹೆಣ್ಣುಮಗಳ ಕೈಗೆ ಮೊಬೈಲ್ ಕೊಡಲು ಹಿಂಜರಿಯುವ ತಾಯಿತಂದೆಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಆತಂಕವು ನಮಗೆ ಅರ್ಥವಾಗದೆ ಇಲ್ಲ. ಆದರೂ ಮಗಳನ್ನು ಊರು ಬಿಟ್ಟು ಕಳುಹಿಸಲು ಒಪ್ಪಿದವರು ಒಂದು ಸಂಖ್ಯೆಯ ವಿಷಯದಲ್ಲಿ ಅವಳನ್ನು ನಂಬಲಾರೆವೆಂದರೆ ಅದು ವಿಚಿತ್ರವಾಗಿ ಕಾಣುತ್ತದೆ.

ಇನ್ನು ಪ್ರಮಾಣಪತ್ರಗಳ ಮಾತು. ಜಾತಿ, ಆದಾಯ ಪತ್ರಗಳನ್ನು ನಾಡಕಚೇರಿಯಲ್ಲಿ ಮೇ ತಿಂಗಳೊಳಗೆ ಪಡೆದಿಟ್ಟುಕೊಳ್ಳುವುದು ಲೇಸು. ಅರ್ಜಿಯಲ್ಲಿ ಕೇಳುವುದು ಅವುಗಳ ಆರ್.ಡಿ. ಸಂಖ್ಯೆಯನ್ನು. ಅಂಕಪಟ್ಟಿಯಲ್ಲಿರುವ ಹೆಸರು, ಆಧಾರ್ ಚೀಟಿಯ ಹೆಸರು, ಬ್ಯಾಂಕಿನ ಪುಸ್ತಕದ ಹೆಸರು ಈ ಮೂರೂ ಅಕ್ಷರಶಃ ಒಂದೇ ಆಗಿವೆಯೇ ಎಂದು ಈಗಲೇ ನೋಡಿಕೊಳ್ಳಿರಿ. ತಂದೆಯ ಹೆಸರಿನ ಮೊದಲಕ್ಷರವು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದುದರಿಂದಲೇ ವಿದ್ಯಾರ್ಥಿವೇತನವು ತಿಂಗಳುಗಟ್ಟಲೆ ತಡೆಯಬಹುದು. ಆ ಹಣವು ಬರುವುದು ಆಧಾರ್‌ಗೆ ಜೋಡಿಸಿದ ಖಾತೆಗೆ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡ 15ರಷ್ಟು, ಕನ್ನಡ ಮಾಧ್ಯಮದವರಿಗೆ ಶೇಕಡ 5ರಷ್ಟು ಮೀಸಲಾತಿ ಇದೆಯೆಂಬುದನ್ನು ಬಹಳ ಮಂದಿ ಬಲ್ಲರು. ಆದರೆ ಅದಕ್ಕೆ 1ರಿಂದ 10ನೆಯ ತರಗತಿಯವರೆಗಿನ ಹತ್ತು ವರ್ಷಗಳೂ ಹಾಗೆಯೇ ಓದಿರಬೇಕೆಂಬುದನ್ನು ಕೆಲವರೇ ಬಲ್ಲರು. ಏಳನೆಯ ತರಗತಿಯವರೆಗೆ ಕಳಸದ ಕಡೆಯ ಹಳ್ಳಿಯಲ್ಲಿ ಓದಿ, ಹೈಸ್ಕೂಲಿಗೆ ಚಿಕ್ಕಮಗಳೂರು ನಗರಕ್ಕೆ ಬಂದ ಹುಡುಗಿಯು ಎಷ್ಟೇ ಹಳ್ಳಿಯವಳಾದರೂ ಆ ಸಾಲಿಗೆ ಸೇರುವುದಿಲ್ಲ. ಸೇರುವೆನೆಂದು ಬರೆದು ಪರಿಶೀಲನೆಯ ದಿನ ಕಣ್ಣೀರಿಡುವುದಕ್ಕಿಂತ ಮೊದಲೇ ತಿಳಿದಿರುವುದು ಮೇಲು.

ಸಿ.ಇ.ಟಿ. ಬರೆದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕಾಲೇಜುಗಳ ಹೆಸರನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಲು ಅವಕಾಶ ಕೊಡುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯು ಬಹಳ ಹರಡಿದೆ. ದೊರೆಯಲಾರದ ಕಾಲೇಜನ್ನು ಮೇಲೆ ಬರೆದರೆ ದೊರೆಯಬಹುದಾದುದೂ ಕೈತಪ್ಪುವುದೆಂದು ಹೆದರಿ, ಮನಸ್ಸಿಗೆ ಒಗ್ಗದುದನ್ನೇ ಮೊದಲು ಬರೆಯುತ್ತಾರೆ. ಹಾಗೇನೂ ಇಲ್ಲ. ರ್‍ಯಾಂಕಿಗೆ ಅನುಸಾರವಾಗಿ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ಮೊದಲು ಲಭ್ಯವಾದುದನ್ನು ಕೊಡುತ್ತಾರೆ. ಆದುದರಿಂದ ಮನಸ್ಸಿನಲ್ಲಿ ಯಾವ ಕ್ರಮವೋ ಕಾಗದದಲ್ಲಿಯೂ ಅದೇ ಕ್ರಮವಿರಲಿ. ಯಾವ ಕಾಲೇಜಿಗೆ ಖಂಡಿತವಾಗಿ ಹೋಗಲಾರಿರೋ ಅದರ ಹೆಸರೇ ಪಟ್ಟಿಯಲ್ಲಿ ಬೇಡ. ಸ್ಥಾನವು ದೊರೆತ ಮೇಲೆ, ಇದೇ ಸಾಕು, ಇದಿರಲಿ ಆದರೆ ಮೇಲಿನದು ಬಂದರೆ ಅದು ಬೇಕು, ಇದು ಬೇಡ ಮುಂದಿನ ಸುತ್ತು ಬೇಕು, ಯಾವುದೂ ಬೇಡ ಎಂಬ ನಾಲ್ಕು ಉತ್ತರಗಳಲ್ಲಿ ಒಂದನ್ನು ಕೊಡಬೇಕಾಗುತ್ತದೆ. ಎರಡನೆಯ ಉತ್ತರವನ್ನು ಕೊಟ್ಟವರಿಗೆ ಮೇಲಿನದು ಬಂದರೆ ಕೆಳಗಿನದು ತಾನಾಗಿಯೇ ರದ್ದಾಗುವುದು. ಇದನ್ನು ಮನೆಯಲ್ಲಿ ಎಲ್ಲರೂ ಕುಳಿತು ಮಾತನಾಡಿ ತೀರ್ಮಾನಿಸಿಕೊಂಡೇ ಊರಿನಿಂದ ಹೊರಡಬೇಕು.

ವಿಷಯದ ಆಯ್ಕೆಗೆ ಬರೋಣ. ಕಾಫಿಯ ನಡುವೆ ಹುಟ್ಟಿ ಬೆಳೆದ ನಮ್ಮ ಹುಡುಗಿಯರಲ್ಲಿ ಸಸ್ಯಶಾಸ್ತ್ರವನ್ನಾಗಲಿ ತೋಟಗಾರಿಕೆಯನ್ನಾಗಲಿ ಬಯಸಿ ಹೋಗುವವರು ಇಷ್ಟು ಕಡಮೆ ಏಕೆಂಬುದು ನಮಗೆ ಬಿಡಿಸಲಾಗದ ಒಗಟು. ಕಾಂಡಕೊರಕವು ಹಿಡಿದ ಗಿಡವನ್ನು ಗುರುತಿಸಬಲ್ಲರು. ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಎಂದು ಎಲೆಯನ್ನು ನೋಡಿಯೇ ಹೇಳಬಲ್ಲರು. ಈ ತಿಳಿವಳಿಕೆಗೆ ಶಾಸ್ತ್ರದ ಬೆಂಬಲವು ದೊರೆಯುವ ಸ್ಥಳಗಳು ನಮ್ಮ ಬಾಗಿಲಿನಲ್ಲಿಯೇ ಇವೆ. ಮೂಡಿಗೆರೆಯಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ತೋಟಗಾರಿಕಾ ಕಾಲೇಜು ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು 1925ರಲ್ಲಿ ಆಗಿನ ಮೈಸೂರು ಸರ್ಕಾರದ ಪ್ರಯೋಗಶಾಲೆಯಾಗಿ ಆರಂಭವಾದುದು. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಒಂದು ಪಾಲು ಮೀಸಲಾಗಿದೆ, ಅದಕ್ಕೆ ಸಿ.ಇ.ಟಿ. ಯ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಕೊಡಬೇಕು. ಹೊಲತೋಟಗಳ ಸಾಮಾನ್ಯ ವಸ್ತುಗಳನ್ನು ಗುರುತಿಸುವ ಆ ಪರೀಕ್ಷೆಯಲ್ಲಿ ನಮ್ಮ ಹುಡುಗಿಯರು ಅಂಜುವುದಕ್ಕೆ ಕಾರಣವೇ ಇಲ್ಲ. ತೋಟವನ್ನು ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆ, ಅವಳಿಗೇಕೆ ಆ ವಿದ್ಯೆ ಎನ್ನುವ ತಂದೆಗಳಿಗೆ ನಾವು ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರನ್ನು ಹೇಳಬಯಸುತ್ತೇವೆ. 1897ರಲ್ಲಿ ಮಲಬಾರಿನ ತಲಶ್ಶೇರಿಯಲ್ಲಿ ಜನಿಸಿ, ಅಲ್ಲಿಯ ಕಾನ್ವೆಂಟಿನಲ್ಲಿ ಓದಿ, ಮದರಾಸಿನಲ್ಲಿ ಸಸ್ಯಶಾಸ್ತ್ರದ ಪದವಿಯನ್ನು ಪಡೆದು, ಅಮೆರಿಕಾ ದೇಶದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ 1931ರಲ್ಲಿ ಡಾಕ್ಟರೇಟ್ ಗಳಿಸಿದ ಆ ಮಹಿಳೆಯು ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ನಡೆಸಿದ ಸಂಶೋಧನೆಯು ಸುಪ್ರಸಿದ್ಧವಾದುದು.

ಅಕ್ಕನ ಅನುಭವವನ್ನು ತಂಗಿಗೆ ಅನ್ವಯಿಸುವಾಗ ಮಾತ್ರ ಎಚ್ಚರವಿರಬೇಕು. 2021ರಿಂದ ಮೂರು ವರ್ಷಗಳ ಕಾಲ ಸೇರಿದವರಿಗೆ ನಾಲ್ಕು ವರ್ಷಗಳ ಪದವಿಯ ಕ್ರಮವಿದ್ದಿತು. 2024ರಲ್ಲಿ ಸರ್ಕಾರವು ಮರಳಿ ಮೂರು ವರ್ಷಗಳ ಪದವಿಯನ್ನು ಜಾರಿಗೆ ತಂದಿತು. ವಿಷಯಗಳ ಜೋಡಣೆಯೂ ಬದಲಾಯಿತು. ಆಯಾ ವರ್ಷದ ವಿವರಣಪತ್ರಿಕೆಯನ್ನು ಓದುವುದಕ್ಕೆ ಬದಲಾಗಿ ಅಕ್ಕನ ಮಾತನ್ನು ನಂಬಿದರೆ ಪ್ರಯೋಜನವಿಲ್ಲ. ಒಂದು ವಿಷಯದಲ್ಲಿ ಅನುತ್ತೀರ್ಣಳಾದವಳೂ ಧೈರ್ಯಗೆಡಬೇಕಾದುದಿಲ್ಲ, 2024ರಿಂದ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿಯು ಬಂದಿತು.

ಎಲ್ಲಿ ಓದಬೇಕೆಂಬುದು ಮುಂದಿನ ಪ್ರಶ್ನೆ. ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಕಾಲೇಜು, ಮೂಡಿಗೆರೆಯ ಸರ್ಕಾರಿ ಕಾಲೇಜು ಇವೆರಡೂ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿವೆ. ಚಾರ್ಮಾಡಿ ಘಾಟಿಯನ್ನಿಳಿದರೆ ಉಜಿರೆ, ಮಂಗಳೂರು. ಅಲ್ಲಿ 1921ರಲ್ಲಿ ಸ್ಥಾಪಿತವಾದ ಸಂತ ಆಗ್ನೆಸ್ ಕಾಲೇಜು ನಾಲ್ಕು ತಲೆಮಾರಿನ ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಟ್ಟಿದೆ. ಹತ್ತಿರದ್ದೇ ಒಳ್ಳೆಯದೆಂದಾಗಲಿ, ದೂರದ್ದೇ ದೊಡ್ಡದೆಂದಾಗಲಿ ನಾವು ಹೇಳುವುದಿಲ್ಲ. ಆದರೆ 2019ರ ಆಗಸ್ಟಿನಲ್ಲಿ ಘಾಟಿಯು ಕುಸಿದು ದಾರಿಯು ಮುಚ್ಚಿಹೋದುದನ್ನು ನೆನೆದು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಮನೆಗೆ ಬರುವ ಲೆಕ್ಕದ ಮೇಲೆ ಯಾರೂ ಕಾಲೇಜನ್ನು ಆರಿಸಬಾರದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕೊಟ್ಟಿತು. ಆದರೆ ನಮ್ಮ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ದಿನವೂ ಹೋಗಿ ಬರುವವಳು ಬೆಳಗಿನ ಬಸ್ಸು ಯಾವುದು, ಸಂಜೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲು ವಿಚಾರಿಸಲಿ. ಪ್ರಯೋಗಶಾಲೆಯ ತರಗತಿಯು ಸಂಜೆಯವರೆಗೆ ನಡೆಯುವ ದಿನ ಆ ಕಡೆಯ ಬಸ್ಸೇ ಅವಳ ವಿಜ್ಞಾನದ ಓದನ್ನು ಉಳಿಸಬಹುದು ಅಥವಾ ಕೆಡಿಸಬಹುದು. ಹಾಸ್ಟೆಲಿಗೆ ಸೇರುವವರು ತಿಳಿಯತಕ್ಕದ್ದೇನೆಂದರೆ, ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳಿಗೆ ಪ್ರತ್ಯೇಕವಾದ ಅರ್ಜಿಯನ್ನೇ ಹಾಕಬೇಕು. ಕಾಲೇಜಿಗೆ ಸೇರಿದ ಮಾತ್ರಕ್ಕೆ ಅದು ದೊರೆಯದು.

ಸೇರಿದ ಮೇಲಿನ ಮೊದಲ ಆರು ವಾರಗಳೇ ಕಷ್ಟದವು. ಬೆಟ್ಟದ ಮೇಲಿನವಳಿಗೆ ಮಂಗಳೂರಿನ ಸೆಕೆಯಲ್ಲಿ ನಿದ್ರೆ ಬಾರದು. ಅಮ್ಮನು ಕಟ್ಟಿ ಕಳುಹಿಸಿದ ಕಂಬಳಿಯು ಮಂಚದ ಕೆಳಗೆ ಬಿದ್ದಿರುತ್ತದೆ. (ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯಾದರೋ ಮೊದಲ ರಾತ್ರಿಯೇ ಬರಿದಾಗುವುದು, ಆದರೆ ಕೋಣೆಯ ಗೆಳತಿಯರೆಲ್ಲರ ಪರಿಚಯವೂ ಅದರಿಂದಲೇ ಆಗುವುದು.) ಪಾಠವು ಇಂಗ್ಲಿಷಿನಲ್ಲಿ ಓಡುತ್ತದೆ. ಕನ್ನಡದಲ್ಲಿ ಓದಿ ಬಂದ ಹುಡುಗಿಯು ತನಗೆ ಬುದ್ಧಿಯೇ ಸಾಲದೆಂದು ನಿಶ್ಚಯಿಸಿಕೊಳ್ಳುವುದು ಈ ದಿನಗಳಲ್ಲಿಯೇ. ಇದು ಭಾಷೆಯ ತೊಡಕು, ಬುದ್ಧಿಯದಲ್ಲ. ಪ್ರತಿದಿನ ಪಾಠದಲ್ಲಿ ಬಂದ ಹತ್ತು ಪದಗಳನ್ನು ಕನ್ನಡದ ಅರ್ಥದೊಡನೆ ಬರೆದಿಟ್ಟುಕೊಂಡರೆ ಮೊದಲ ಕಿರುಪರೀಕ್ಷೆಯ ಹೊತ್ತಿಗೆ ತೊಡಕು ಅರ್ಧ ಕಳೆಯುತ್ತದೆ. ಹಾಗೆಂದು ಕನ್ನಡವನ್ನು ಭಾಷಾವಿಷಯವಾಗಿ ತೆಗೆದುಕೊಳ್ಳಲು ನಾಚಬಾರದು. ನಮ್ಮ ಕೊಪ್ಪದ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಹೋದ ಕುವೆಂಪು ಅವರು ಆರಂಭದಲ್ಲಿ ಇಂಗ್ಲಿಷಿನಲ್ಲಿಯೇ ಕವನಗಳನ್ನು ಬರೆಯುತ್ತಿದ್ದರು. 1924ರಲ್ಲಿ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿಯೇ ಅವರನ್ನು ಕನ್ನಡದ ಕಡೆಗೆ ತಿರುಗಿಸಿದರು.

ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ಮಗಳು ಫೋನಿನಲ್ಲಿ ಅತ್ತಳೆಂದು ಮರುದಿನವೇ ಜೀಪು ತೆಗೆದುಕೊಂಡು ಹೊರಡಬೇಡಿರಿ. ತಾನೇ ಆರಿಸಿಕೊಂಡ ವಿಷಯವನ್ನು ಓದುತ್ತಿರುವವಳು ಅತ್ತರೂ ನಿಲ್ಲುತ್ತಾಳೆ. ಯಾರೋ ಆರಿಸಿದುದನ್ನು ಓದುತ್ತಿರುವವಳಿಗೆ ನಿಲ್ಲುವುದಕ್ಕೆ ಕಾರಣವೇ ತೋರುವುದಿಲ್ಲ. ಆದರೆ ಅಳುವಿನಲ್ಲಿ ಭಯದ ಧ್ವನಿ ಕೇಳಿದರೆ ಮಾತ್ರ ತಡಮಾಡಕೂಡದು. ರ್‍ಯಾಗಿಂಗ್ ಎಂಬ ಹಿಂಸೆಯನ್ನು ಯು.ಜಿ.ಸಿ. ಯು 2009ರ ನಿಯಮಗಳಿಂದ ನಿಷೇಧಿಸಿದೆ. 1800-180-5522 ಎಂಬ ಸಂಖ್ಯೆಗೆ ಯಾವ ವೇಳೆಯಲ್ಲಾದರೂ ದೂರು ಕೊಡಬಹುದು. ಇದನ್ನೂ ಆ ನೋಟ್‌ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಲಿ.

ಪ್ರವೇಶದ ದಿನ ಮೂಲಪತ್ರಗಳನ್ನು ಕಚೇರಿಗೆ ಒಪ್ಪಿಸುವ ಮೊದಲು ಪ್ರತಿಯೊಂದರ ಮೂರು ನಕಲುಗಳನ್ನು ತೆಗೆಸಿಡಬೇಕು. ಒಪ್ಪಿಸಿದುದಕ್ಕೆ ಸಹಿ ಮಾಡಿದ ರಸೀತಿಯನ್ನು ಕೇಳಿ ಪಡೆಯಬೇಕು. ಕೇಳುವುದು ಮಗಳೇ ಆಗಲಿ. ಪತ್ರಗಳನ್ನೆಲ್ಲ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿಕೊಂಡು ಹೊರಡುವುದು ಒಳ್ಳೆಯದು. ಪುನರ್ವಸು ಮಳೆಗೆ ಕೊಡೆಯೊಂದೇ ಸಾಲದು.