ಕಣ್ಣು ತೊಳೆಯುವ ನೀರೇ ಸುಟ್ಟರೆ?

ಕಾರ್ಖಾನೆಗಳ ಮಾಲೀಕರಿಗೆ ಮತ್ತು ತಪಾಸಣೆಗೆ ಬರುವ ಅಧಿಕಾರಿಗಳಿಗೆ,



ಕಲ್ಯಾಣ ಕರ್ನಾಟಕದ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಫಿಟ್ಟರ್. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಕಾಸ್ಟಿಕ್ ಪಂಪಿನ ಗ್ಲ್ಯಾಂಡ್ ಸೋರಿ ನಮ್ಮ ಹೆಲ್ಪರ್ ಹುಡುಗನ ಮುಖಕ್ಕೆ ಸಿಡಿಯಿತು. ಕಣ್ಣು ತೊಳೆಯುವ ಐವಾಶ್ ಹತ್ತಿರದಲ್ಲೇ ಇತ್ತು. ಕೈಹಿಡಿದು ಕರೆದೊಯ್ದು ಹಿಡಿಕೆ ತಳ್ಳಿದೆವು. ನೀರು ತಾಗುತ್ತಲೇ ಅವನು ಚೀರಿ ಮುಖ ತಿರುಗಿಸಿಬಿಟ್ಟ. ಕೈಯೊಡ್ಡಿ ನೋಡಿದೆ, ಬೆರಳೇ ತಡೆಯಲಿಲ್ಲ. ಶೆಡ್ಡಿನ ತಗಡಿನ ಮೇಲಿನ ಕಪ್ಪು ಟ್ಯಾಂಕು, ಗೋಡೆಗುಂಟ ಇಳಿದ ಜಿಐ ಪೈಪು ಬೆಳಗಿನಿಂದ ಬಿಸಿಲಲ್ಲಿ ಕಾದಿದ್ದವು. ಕೊನೆಗೆ ಕುಡಿಯುವ ನೀರಿನ ಕೂಲರ್‌ನಿಂದ ಜಗ್ಗಿನಲ್ಲಿ ತಂದು ತಂದು ಸುರಿದೆವು. ಕಣ್ಣು ಉಳಿಯಿತು. ಬಲಗಣ್ಣಿನ ಮಂಜು ಇನ್ನೂ ಹೋಗಿಲ್ಲ.

ಆಮೇಲೆ ಪಂಪು ಬದಲಾಯಿತು. ನೀರಿನ ಲೈನನ್ನು ಯಾರೂ ಮುಟ್ಟಲಿಲ್ಲ. ಸೇಫ್ಟಿ ರಿಜಿಸ್ಟರಿನಲ್ಲಿ 'ಶವರ್ ಇದೆ, ಚಾಲೂ ಇದೆ' ಎಂಬ ಸಾಲಿನ ಮುಂದೆ ಮಾಮೂಲಿನಂತೆ ಟಿಕ್ ಬಿತ್ತು. ನನ್ನ ದೂರು ಆ ಟಿಕ್ಕಿನ ಮೇಲೆ.

ಕಾಸ್ಟಿಕ್ ಸೋಡಾ ಕಣ್ಣಿನ ಮೇಲೇ ನಿಲ್ಲುವುದಿಲ್ಲ, ಪೊರೆಯನ್ನು ಕರಗಿಸುತ್ತ ಒಳಗಿಳಿಯುತ್ತದೆ. ಅದಕ್ಕೇ ಬಿಡದೆ ತೊಳೆಯಬೇಕು. ಇಂಥ ತುರ್ತು ಶವರ್, ಐವಾಶ್‌ಗಳಿಗೆ ನಮ್ಮಲ್ಲಿ ಐಎಸ್ 10592 ಎಂಬ ಭಾರತೀಯ ಮಾನದಂಡ 1982ರಿಂದಲೇ ಇದೆ. ಇಲ್ಲಿ ಮಾರಾಟವಾಗುವ ಎಷ್ಟೋ ಶವರ್‌ಗಳ ಮೇಲೆ ಅಮೆರಿಕದ ಝಡ್ 358.1 ಮಾನದಂಡದ ಹೆಸರೂ ಇರುತ್ತದೆ. ಅದರ ಪ್ರಕಾರ ಕನಿಷ್ಠ 15 ನಿಮಿಷ ನೀರು ಹರಿಯಬೇಕು, ಆ ನೀರು 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. 38 ದಾಟಿದರೆ ಕಣ್ಣಿಗೇ ಹಾನಿ, ರಾಸಾಯನಿಕದ ಸುಡುವಿಕೆಯೂ ಹೆಚ್ಚಬಹುದು. ತೀರಾ ತಣ್ಣಗಿದ್ದರೆ ಮೈ ನಡುಗಿ, ಪೂರ್ತಿ ತೊಳೆಯುವ ಮೊದಲೇ ಮನುಷ್ಯ ಹೊರಗೆ ಬಂದುಬಿಡುತ್ತಾನೆ. ಚಳಿಯ ದೇಶಗಳವರು ಈ ನೀರನ್ನು ಬಿಸಿ ಮಾಡಲು ಹೆಣಗುತ್ತಾರೆ, ನಾವು ತಂಪಾಗಿಡಲು ಹೆಣಗಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿದ್ದ ಕಬ್ಬಿಣದ ಪೈಪಿನೊಳಗೆ ನಿಂತ ನೀರು ಹೇಗಿರುತ್ತದೆಂದು ಬೇರೆ ಹೇಳಬೇಕೆ?

ಮೈಮೇಲಿನ ಶವರ್‌ಗೆ ನಿಮಿಷಕ್ಕೆ ಸುಮಾರು 76 ಲೀಟರ್ ಬೇಕು. 15 ನಿಮಿಷಕ್ಕೆ ಸಾವಿರದ ನೂರು ಲೀಟರ್ ದಾಟುತ್ತದೆ. ಅಷ್ಟು ನೀರನ್ನು ಆ ಗಳಿಗೆಯಲ್ಲಿ ತಂಪು ಮಾಡಲಾಗದು, ಮೊದಲೇ ಹದವಾಗಿ ಇಟ್ಟಿರಬೇಕು. ಟ್ಯಾಂಕಿಗೆ ಮಾಡು ಹಾಕಿ, ಇನ್ಸುಲೇಷನ್ ಸುತ್ತಿ. ಪೈಪನ್ನು ಗೋಡೆಯ ಮೇಲಿಂದ ಕಿತ್ತು ನೆಲದೊಳಗೆ ಹೂಳಿ. ನೀರು ಕಾದಾಗ ತಾನೇ ತೆರೆದು ಬಿಸಿನೀರನ್ನು ಹೊರಚೆಲ್ಲುವ ವಾಲ್ವ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಅದನ್ನು ಲೈನಿನ ಕೊನೆಗೆ ಕೂರಿಸಿ. ಇಷ್ಟು ಮಾಡಿದರೂ ನೀರು ತಂಪಾಗದಿದ್ದರೆ ಚಿಲ್ಲರ್ ಜೋಡಿಸಿದ ಟ್ಯಾಂಕನ್ನೇ ಇಡಿ. ಪ್ರಾಡಕ್ಟ್ ಕೆಡಬಾರದೆಂದು ರಿಯಾಕ್ಟರಿಗೆ ಚಿಲ್ಲಿಂಗ್ ಕೊಡುವ ಕಾರ್ಖಾನೆಗೆ ಇದು ಭಾರವಲ್ಲ. ವಾರಕ್ಕೊಮ್ಮೆ ನೀರು ಬಿಟ್ಟು ನೋಡುವುದು ಹೇಗೂ ಆಗಬೇಕಾದ ಕೆಲಸ. ಹಳೆ ನೀರಿನ ತುಕ್ಕು, ಪಾಚಿ ಕಣ್ಣಿಗೆ ಹೋಗಬಾರದಲ್ಲವೇ?

ಅಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ. ಬೆಳಗಿನ ತಂಪಿನಲ್ಲಿ ಹಿಡಿಕೆ ಎಳೆದು, ನೀರು ಬಂತೆಂದು ಬರೆದುಕೊಂಡು ಹೋಗಬೇಡಿ. ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲಿ, ಮಧ್ಯಾಹ್ನ 2 ಗಂಟೆಗೆ ಬನ್ನಿ. ಮೊದಲ ನಿಮಿಷದ ನೀರಿಗೇ ಥರ್ಮಾಮೀಟರ್ ಹಿಡಿಯಿರಿ, ಯಾಕೆಂದರೆ ಕಣ್ಣಿಗೆ ಮೊದಲು ಬೀಳುವುದು ಅದೇ ನೀರು. ಎಷ್ಟು ಡಿಗ್ರಿ ಇತ್ತೆಂದು ರಿಜಿಸ್ಟರಿನಲ್ಲಿ ಬರೆಸಿ, ಶವರ್ ಪಕ್ಕದ ಬೋರ್ಡಿನ ಮೇಲೂ ಬರೆಸಿ. 38 ದಾಟಿದ್ದರೆ, ಲೈನು ಸರಿಯಾಗುವವರೆಗೆ ಆ ಜಾಗದಲ್ಲಿ ಕಾಸ್ಟಿಕ್, ಆಸಿಡ್ ಕೆಲಸ ನಿಲ್ಲಿಸಿ.

ಇಂತಿ,
ಒಬ್ಬ ಫಿಟ್ಟರ್