ಸಿಜಿಪಿಎ: ಕ್ರೆಡಿಟ್ ಮರೆತ ಲೆಕ್ಕ

ಎಲ್ಲ ಸೆಮಿಸ್ಟರ್‌ಗಳ ಎಸ್‌ಜಿಪಿಎ ಕೂಡಿಸಿ, ಸೆಮಿಸ್ಟರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸಿಜಿಪಿಎ ಸಿಗುತ್ತದೆ ಎಂದು ಕಳೆದ ವಾರ ಪ್ರಕಟವಾದ ಲೇಖನವೊಂದು ಹೇಳಿದೆ. ಕ್ರೆಡಿಟ್‌ನ ಸುದ್ದಿಯೇ ಇಲ್ಲದ ಈ ಲೆಕ್ಕ ದಾರಿ ತಪ್ಪಿಸುವಂಥದ್ದು. ಯುಜಿಸಿ ಸೂತ್ರದಂತೆ ಪ್ರತಿ ಸೆಮಿಸ್ಟರ್‌ನ ಎಸ್‌ಜಿಪಿಎಯನ್ನು ಅದರ ಕ್ರೆಡಿಟ್‌ಗಳಿಂದ ಗುಣಿಸಿ, ಮೊತ್ತವನ್ನು ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಬೇಕು. 20 ಕ್ರೆಡಿಟ್‌ನ ಸೆಮಿಸ್ಟರ್‌ನಲ್ಲಿ 9, 24 ಕ್ರೆಡಿಟ್‌ನದರಲ್ಲಿ 7 ಬಂದಿದೆ ಎನ್ನೋಣ. 180 ಮತ್ತು 168 ಸೇರಿ 348. 44ರಿಂದ ಭಾಗಿಸಿದರೆ 7.91. ಲೇಖಕರ ಪ್ರಕಾರ ಮಾತ್ರ 8! ನೇಮಕಾತಿಗೆ 8ರ ಗೆರೆ ಎಳೆದರೆ ಈ ವಿದ್ಯಾರ್ಥಿ ಹೊರಗೆ. ಸಿಜಿಪಿಎಯನ್ನು ಹತ್ತರಿಂದ ಗುಣಿಸಿದರೆ ಶೇಕಡಾವಾರು ಅಂಕ ಸಿಗುತ್ತದೆ ಎಂಬುದೂ ಎಲ್ಲೆಡೆ ನಡೆಯದು. ಪರಿವರ್ತನೆಯ ಸೂತ್ರ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಒಂದೇ ಅಲ್ಲ. ವಿದ್ಯಾರ್ಥಿಗಳೇ, ಅರ್ಜಿ ತುಂಬುವ ಮೊದಲು ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯನ್ನೇ ನೋಡಿ.